ದೇವರ ಗೂಡಿನ ಫ್ಯೂಸು

ಆ ದಿನ ನಮ್ಮ ಮನೆಯ ಪಡಸಾಲೆಯ ಬಲ್ಬು ಹೋಗಿತ್ತು. ಆ ದಿನದ ಬಗ್ಗೆ ಹೇಳುವುದಕ್ಕೆ ಇರುವುದು ಅಷ್ಟೇ. ಬೆಳಿಗ್ಗೆ ಹೊನ್ನಾಳಿ ಪೇಟೆಗೆ ಹೋಗಿ ಒಂದು ಬಲ್ಬು, ಜೊತೆಗೆ ಮೆಂತ್ಯ ಸೊಪ್ಪು ತಂದೆ. ನನ್ನ ಹೆಂಡತಿ ಹಾಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಸ್ಟೂಲು ಎಳೆದ ಸದ್ದು ಕೇಳಿ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಬಂದಳು.

“ತಡೀರಿ, ಮೇನ್ ಆಫ್ ಮಾಡ್ತೀನಿ.”

“ಒಂದು ಬಲ್ಬು ಹಾಕಾಕೆ ಮೇನ್ ಯಾಕೆ? ಸ್ವಿಚ್ ಆಫ್ ಐತೆ.”

“ಆಫ್ ಐತೆ ಅಂತ ಯಾರು ಹೇಳಿದ್ರು?”

“ನಾನೇ ಮಾಡೀನಿ ಕಣೇ.”

“ಅದಕ್ಕೇ ನಂಬಾಕೆ ಆಗಲ್ಲ.”

ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತುತ್ತಲೇ ಬದುಕು ಸವೆಸಿದವನು ನಾನು. ಸ್ವಂತ ಮನೆಯಲ್ಲಿ ಸ್ಟೂಲು ಹತ್ತುವುದಕ್ಕೆ ಅಪ್ಪಣೆ ಬೇಕಾಗಿತ್ತು. ಅವಳು ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಕೆಳಗೆಳೆದು, ಅದರ ಮೇಲೆ ಅಂಗೈ ಮುಚ್ಚಿಕೊಂಡು ನಿಂತಳು. ಯಾರೋ ಬಂದು ತಟ್ಟನೆ ಮೇಲೆತ್ತಿಬಿಡುತ್ತಾರೆ ಎನ್ನುವ ಹಾಗೆ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

“ಇಳಿದ್ರಾ?”

“ಇಳಿದೆ.”

ಆಮೇಲೆ ಮೇನ್ ಮೇಲೆತ್ತಿ ಕೈ ತೆಗೆದಳು. ನಾನು ಸ್ವಿಚ್ ಹಾಕಿದೆ. ಬಲ್ಬು ಹತ್ತಿತು. ಮೇನ್ ಸ್ವಿಚ್ಚಿನ ಮೇಲೆ ಜೋಳದ ಹಿಟ್ಟಿನ ಬೆರಳ ಗುರುತು ಮೂಡಿತ್ತು. ಒಲೆಯ ಮೇಲಿನ ರೊಟ್ಟಿ ಸೀದಿತ್ತು. ಅದನ್ನು ನನ್ನ ತಟ್ಟೆಗೇ ಹಾಕಿದಳು.

ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಶಿವಗಣಾರಾಧನೆಗೆ ಮುಂಚೆ ನೆಂಟರೆಲ್ಲ ಸೇರಿ ಮನೆ ತೊಳೆದರು. ಸ್ವಿಚ್ಚಿನ ಮೇಲಿನ ಹಿಟ್ಟಿನ ಗುರುತನ್ನೂ ಯಾರೋ ಒರೆಸಿದರು. ಒರೆಸಿದವರದು ತಪ್ಪಲ್ಲ, ಮನೆ ಚೊಕ್ಕ ಮಾಡುತ್ತಿದ್ದರು.

ನಮ್ಮ ನಿವೃತ್ತರು ಸೇರುವ ಕಡೆ ಗೆಳೆಯರೊಬ್ಬರು, ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದರು. ಬರೆಯುವುದಕ್ಕೆ ಕೂತರೆ ನನ್ನ ಕೆಲಸದ ಕಥೆ ಎಲ್ಲಿ ಮುಗಿಯುತ್ತದೆ, ಹಾಲಮ್ಮನದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನನ್ನ ಓದು ಹೈಸ್ಕೂಲಿಗೆ ನಿಂತದ್ದು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಕೆಲಸ ಕಲಿತದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಸಂತೇಬೆನ್ನೂರಿನ ಸುತ್ತಮುತ್ತ. ಕಲಿಸಿದವರು ಬಾಷಾ ಸಾಬರು ಎಂಬ ಮೇಸ್ತ್ರಿ. ದಪ್ಪ ಮೀಸೆ, ಮೆತ್ತನೆಯ ಮಾತು. ಆಗ ನಮಗೆ ಕೊಡುತ್ತಿದ್ದದ್ದು ಒಂದು ಬಿದಿರಿನ ಏಣಿ, ಒಂದು ಹಗ್ಗ, ಒಂದು ಕಟಿಂಗ್ ಪ್ಲೇಯರ್. ಕೈಗವಸು ಆಫೀಸಿನ ಬೀರುವಿನಲ್ಲಿ ಇರುತ್ತಿತ್ತು. ಬೀರುವಿನ ಕೀಲಿ ರಜೆಯಲ್ಲಿ ಇರುತ್ತಿತ್ತು.

ಹಳ್ಳಿಯ ನಾಲ್ಕಾರು ಕೇರಿಗೆ ಸೇರಿ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಜನ ಅದನ್ನು ಟಿ.ಸಿ. ಎನ್ನುತ್ತಾರೆ. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಪಿಂಗಾಣಿಯ ಮೂರು ಫ್ಯೂಸು. ಅಂಗೈಯಷ್ಟು ಉದ್ದ, ಕೈಗೆ ಭಾರ. ಅವನ್ನು ಕಿತ್ತರೆ ಆ ಕೇರಿಗಳ ತಂತಿಯೆಲ್ಲ ಸತ್ತ ಹಾಗೆ. ಆಗ ಕಂಬ ಹತ್ತಿ ಬರಿಗೈಯಲ್ಲಿ ತಂತಿ ಹಿಡಿಯಬಹುದು. ನಾವು ಮೇಲಿರುವಾಗ ಯಾರಾದರೂ ಅವನ್ನು ತಿರುಗಿ ಹಾಕಿದರೆ ಕಂಬದ ಮೇಲಿರುವವನು ಇಳಿಯುವುದಿಲ್ಲ. ಅವನನ್ನು ಇಳಿಸಬೇಕಾಗುತ್ತದೆ.

ಬಾಷಾ ಸಾಬರು ಮೊದಲ ದಿನವೇ ಹೇಳಿದ್ದರು. “ನೋಡಪ್ಪಾ ರುದ್ರಪ್ಪ, ಫ್ಯೂಸ್ ಕಿತ್ತು ಅಲ್ಲೇ ಪೆಟ್ಟಿಗೆ ಮ್ಯಾಲೆ ಇಡಬ್ಯಾಡ. ಯಾರೋ ಪುಣ್ಯಾತ್ಮ ಬರ್ತಾನೆ, ಅಯ್ಯೋ ಪಾಪ ಬಿದ್ದೈತೆ ಅಂತ ಎತ್ತಿ ಹಾಕಿಬಿಡ್ತಾನೆ. ಕೆಟ್ಟೋರಿಗೆ ಹೆದರಬ್ಯಾಡ, ಉಪಕಾರ ಮಾಡೋರಿಗೆ ಹೆದರು.”

ಅದಕ್ಕೆ ನಾನು ಫ್ಯೂಸನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಖಾಕಿ ಪ್ಯಾಂಟಿನ ಜೇಬು ಜೋತುಬಿದ್ದು ಹರಿದಿರುತ್ತಿತ್ತು.

ನನ್ನ ಮದುವೆಯೂ ಆ ಜೇಬಿನಿಂದಲೇ ಆದದ್ದು. ಹೊನ್ನಾಳಿಯಲ್ಲಿ ಒಂದು ಹೆಣ್ಣಿದೆ, ನೋಡಿಕೊಂಡು ಬರೋಣ ಎಂದು ಸೋದರಮಾವ ಬಂದಿದ್ದರು. ಅಂದು ಬೆಳಿಗ್ಗೆ ಒಂದು ಹಳ್ಳಿಯಲ್ಲಿ ಸಣ್ಣ ಕೆಲಸ ಇತ್ತು. ಫ್ಯೂಸ್ ಕಿತ್ತು, ಕಂಬ ಹತ್ತಿ, ತಂತಿ ಬಿಗಿದು ಇಳಿದೆ. ರಸ್ತೆಯಲ್ಲಿ ಬಸ್ಸು ನಿಂತಿತ್ತು. ಮಾವ ಬಸ್ಸಿನ ಬಾಗಿಲಲ್ಲಿ ಒಂದು ಕಾಲಿಟ್ಟುಕೊಂಡು ಕೂಗುತ್ತಿದ್ದರು. ಓಡಿದೆ. ಮೇಲಿನ ಅಂಗಿಯನ್ನು ಬಸ್ಸಿನಲ್ಲೇ ಬದಲಾಯಿಸಿದೆ. ಪ್ಯಾಂಟು ಬದಲಾಯಿಸುವುದಕ್ಕೆ ಆಗಲಿಲ್ಲ.

ಹೆಣ್ಣಿನ ಮನೆಯಲ್ಲಿ ಕಂಬಳಿ ಹಾಸಿದ್ದರು. ಕೂರುವಾಗ ತೊಡೆಗೆ ಏನೋ ಒತ್ತಿತು. ಕೈ ಹಾಕಿ ತೆಗೆದೆ. ಒಂದು ಬಂತು. ಇನ್ನೊಂದು ಬಂತು. ಮೂರನೆಯದೂ ಬಂತು. ಕಂಬಳಿಯ ಮೇಲೆ ಮೂರು ಫ್ಯೂಸು ಇಟ್ಟುಕೊಂಡು ನಾನು ಬೆವರುತ್ತ ಕೂತಿದ್ದೆ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹುಡುಗಿ ಅಲ್ಲೇ ನಿಂತಳು.

“ಇವೇನ್ರಿ?” ಎಂದರು ಅವಳ ಅಪ್ಪ.

“ಫ್ಯೂಸ್‌ರಿ. ಹಾಕೋದು ಮರೆತು ಬಂದುಬಿಟ್ಟೀನಿ.”

“ಅಂದ್ರೆ ಆ ಊರಾಗೆ ಈಗ ಕರೆಂಟ್ ಇಲ್ವಾ?”

“ಇಲ್ರಿ.”

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎದ್ದುಬಿಟ್ಟೆ. ಮಾವ ಪಂಚೆ ಹಿಡಿದೆಳೆಯುವವರ ಹಾಗೆ ನನ್ನ ಪ್ಯಾಂಟು ಹಿಡಿದೆಳೆದರು. “ಕುತ್ಕಳೋ, ಉಪ್ಪಿಟ್ಟಾದ್ರೂ ತಿನ್ನು. ಹುಡುಗಿ ಮುಖ ನೋಡಿದೇನೋ?” ನೋಡಿರಲಿಲ್ಲ. ಫ್ಯೂಸು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಆ ಊರು ಮುಟ್ಟುವಾಗ ಸಂಜೆಯಾಗಿತ್ತು. ಹಿಟ್ಟಿನ ಗಿರಣಿಯ ಮುಂದೆ ಹೆಂಗಸರು ಪುಟ್ಟಿ ಇಟ್ಟುಕೊಂಡು ಕೂತಿದ್ದರು. ಅವರು ಬೈದದ್ದನ್ನೆಲ್ಲ ಇಲ್ಲಿ ಬರೆಯಲಾರೆ.

ಆ ಮನೆಯಿಂದ ಒಪ್ಪಿಗೆ ಬಂತು. ಮದುವೆಯಾದ ಮೇಲೆ ಹಾಲಮ್ಮ ಹೇಳುತ್ತಿದ್ದಳು. “ಊರಿನ ದೀಪನೆಲ್ಲ ಜೇಬಿನಾಗೆ ಹಾಕ್ಕಂಡು ಹೆಣ್ಣು ನೋಡಾಕೆ ಬಂದಿದ್ರಿ. ಆದ್ರೆ ವಾಪಸ್ ಓಡಿದ್ರಲ್ಲ, ಅದಕ್ಕೆ ಹೂಂ ಅಂದೆ. ಉಪ್ಪಿಟ್ಟು ತಿಂದು ಹೋಗಿದ್ರೆ ಬ್ಯಾಡ ಅಂತಿದ್ದೆ.” ಬಂದ ಮೊದಲ ವಾರದಲ್ಲೇ ಅವಳು ಒಂದು ಕಟ್ಟಳೆ ಮಾಡಿದಳು. “ಇನ್ಮ್ಯಾಲೆ ಫ್ಯೂಸ್ ನನ್ನ ಕೈಗೆ ಕೊಟ್ಟು ಹೋಗ್ರಿ. ಕೆಲಸ ಮುಗಿದ್ ಮ್ಯಾಲೆ ಬಂದು ಇಸ್ಕಳ್ರಿ. ಮರೆಯೋ ಮಾತೇ ಇಲ್ಲ.” ಆಗ ನನ್ನ ಕೆಲಸ ಹೆಚ್ಚಾಗಿ ನಾವಿದ್ದ ಊರಿನಲ್ಲೇ. ನನ್ನ ಮರೆವಿಗೆ ಮದ್ದು ಎಂದು ಶುರುವಾದದ್ದು ಅದು.

ಅದು ಬೇರೆಯೇ ಆದದ್ದು ಹನುಮಂತನ ನಂತರ. ಹನುಮಂತ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಚೆನ್ನಾಗಿ ಶಿಳ್ಳೆ ಹಾಕುತ್ತಿದ್ದ. ಒಂದು ದಿನ ಅವನು ಕಿತ್ತ ಫ್ಯೂಸನ್ನು ಟಿ.ಸಿ.ಯ ಸರಳಿಗೆ ಸಿಕ್ಕಿಸಿ ಕಂಬ ಹತ್ತಿದ. ಗದ್ದೆಯಿಂದ ಬರುತ್ತಿದ್ದ ಒಬ್ಬ ವಯಸ್ಸಾದವರು ಅದನ್ನು ಕಂಡು, ಕಳಚಿಕೊಂಡಿರಬೇಕು ಎಂದು ಪೆಟ್ಟಿಗೆಯಲ್ಲಿ ತಿರುಗಿ ಸಿಕ್ಕಿಸಿದರು. ಬಾಷಾ ಸಾಬರು ಹೇಳಿದ ಉಪಕಾರಿ ಅವರೇ. ಹನುಮಂತನ ಮಣ್ಣಿಗೆ ಅವರೂ ಬಂದಿದ್ದರು. ಗುಂಡಿಯ ಹತ್ತಿರ ಬರದೆ ದೂರದಲ್ಲಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ನಾನು ಮನೆಯಲ್ಲಿ ಏನೂ ಹೇಳಲಿಲ್ಲ. ಆದರೆ ಸುದ್ದಿ ಅವಳಿಗೆ ಮುಟ್ಟಿತ್ತು. ಮರುದಿನ ನಾನು ಫ್ಯೂಸು ಕೊಟ್ಟಾಗ ಅವಳು ಕೈಕಾಲು ತೊಳೆದು, ಅವನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. “ಇಲ್ಲಿ ಯಾರೂ ಕೈ ಹಾಕಲ್ಲ” ಎಂದಳು. “ನೀವು ಬಂದು ನನ್ನ ಕಣ್ಮುಂದೆ ನಿಲ್ಲೋ ತನಕ ಶಿವ ಬಂದು ಕೇಳಿದ್ರೂ ಕೊಡಲ್ಲ.”

ಕೆಲವು ವರ್ಷಗಳ ಮೇಲೆ ನ್ಯಾಮತಿ ಕಡೆಗೆ ವರ್ಗವಾಯಿತು. ಗೋವಿನಕೋವಿಯಿಂದ ಆಚೆ ಒಂದು ಊರು. ಬಾಡಿಗೆ ಮನೆ ಸಿಕ್ಕಿದ್ದು ಟಿ.ಸಿ.ಯ ಎದುರಿಗೇ. ನನ್ನ ಬದುಕಿನ ಒಳ್ಳೆಯ ಕಾಲ ಯಾವುದು ಎಂದು ಯಾರಾದರೂ ಕೇಳಿದರೆ ಆ ಮನೆಯ ಹೆಸರು ಹೇಳುತ್ತೇನೆ. ಎರಡು ಅಂಕಣ, ಮುಂದೆ ಒಂದು ಕಟ್ಟೆ. ಬೆಳಿಗ್ಗೆ ತೆರೆದ ಬಾಗಿಲು ಮಲಗುವಾಗಲೇ ಮುಚ್ಚುತ್ತಿದ್ದದ್ದು. ಎದುರು ಮನೆಯ ನಿಂಗಮ್ಮಜ್ಜಿಗೆ ತಮ್ಮ ಕಟ್ಟೆಗಿಂತ ನಮ್ಮ ಕಟ್ಟೆಯೇ ಇಷ್ಟ. ಬತ್ತಿ ಹೊಸೆಯುತ್ತ ಕೂತರೆ ಕೇರಿಯ ಲೆಕ್ಕವೆಲ್ಲ ಅವರ ಬಾಯಲ್ಲಿ.

ಕರೆಂಟು ಹೋದರೆ ಜನ ಆಫೀಸಿಗೆ ಹೋಗುತ್ತಿರಲಿಲ್ಲ. ಹಾಲಮ್ಮನನ್ನು ಕೇಳುತ್ತಿದ್ದರು.

“ಹಾಲಮ್ಮ, ಕರೆಂಟ್ ಎಷ್ಟೊತ್ತಿಗೆ ಬರ್ತೈತವ್ವ?”

“ಗೂಡಿನಾಗೆ ಐತೆ. ನಮ್ಮೆಜಮಾನ್ರು ಇಳಿದ್ ಮ್ಯಾಲೆ ಬರ್ತೈತೆ.”

ಊರವರಿಗೆ ಅದು ರೂಢಿಯಾಗಿಹೋಯಿತು. ನಾನು ಯಾವ ಕೇರಿಯಲ್ಲಿ ಕಂಬ ಇಳಿದರೂ ಹತ್ತಿರದ ಮನೆಯವರು ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರು ಕೊಟ್ಟು, ಆಮೇಲೆ ಕೆಲಸ ಆಯಿತಾ ಎಂದು ಕೇಳುತ್ತಿದ್ದರು. ಉಂಡು ಹೋಗಿ ಎನ್ನದ ಮನೆ ಇರಲಿಲ್ಲ. ನಮ್ಮ ಮನೆಗೆ ಹೊರಗಿನ ಗಂಡಸು ಯಾರೇ ಬಂದರೂ ಕಟ್ಟೆಯ ಕೆಳಗೆ ನಿಂತು ಒಂದು ಸಲ ಕೆಮ್ಮಿ, “ಅಣ್ಣ ಅದಾನಾ?” ಎನ್ನುತ್ತಿದ್ದರು. ನಾನಿದ್ದರೆ ಒಳಗೆ ಬರುತ್ತಿದ್ದರು. ಇಲ್ಲದಿದ್ದರೆ ಹೊಸಲಿನ ಆಚೆಗೇ ಮಾತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ. ಚಿಕ್ಕವರು ದೊಡ್ಡವರನ್ನು ನೋಡಿ ಕಲಿತದ್ದು.

ಆ ಊರಿನ ದೊಡ್ಡಮನೆಯ ಮದುವೆಯ ದಿನದ ಸಂಗತಿಯನ್ನು ನಾನು ಹೇಳಲೇಬೇಕು. ಬೆಳಿಗ್ಗೆ ಬಿರುಗಾಳಿಗೆ ಹುಣಸೆ ಕೊಂಬೆ ಮುರಿದು ಕೊನೆಯ ಕೇರಿಯಲ್ಲಿ ತಂತಿ ಹರಿದಿತ್ತು. ಹೆಂಗಸರು ನೀರು ಹಿಡಿಯುವ ನಲ್ಲಿಯ ಪಕ್ಕದಲ್ಲೇ ತಂತಿಯ ತುದಿ ಬಿದ್ದಿತ್ತು. ನಾನು ಓಡಿಹೋಗಿ ಮೂರೂ ಫ್ಯೂಸು ಕಿತ್ತು, ಹಾಲಮ್ಮನ ಕೈಗೆ ಕೊಟ್ಟು, ಏಣಿ ಹೊತ್ತುಕೊಂಡು ಹೋದೆ. ಅದೇ ಟಿ.ಸಿ.ಯಿಂದಲೇ ಮದುವೆ ಮನೆಗೂ ಕರೆಂಟು. ಅಲ್ಲಿ ಮೈಕು ನಿಂತಿತು. ಅಡಿಗೆಯವರಿಗೆ ಬಾವಿಯಿಂದ ನೀರೆತ್ತುವ ಮೋಟಾರು ನಿಂತಿತು.

ಮುಂದಿನದನ್ನು ನನಗೆ ಹೇಳಿದವರು ನಿಂಗಮ್ಮಜ್ಜಿ. ಎಷ್ಟೋ ಸಲ ಹೇಳಿದ್ದಾರೆ.

ದೊಡ್ಡಮನೆಯ ಯಜಮಾನರ ತಮ್ಮನನ್ನು ಊರವರು ಸಣ್ಣಗೌಡರು ಎನ್ನುತ್ತಿದ್ದರು. ಮದುಮಗಳ ಚಿಕ್ಕಪ್ಪ. ಅವರು ಹೊಸ ಪಂಚೆಯಲ್ಲೇ ದಾಪುಗಾಲು ಹಾಕಿಕೊಂಡು ಬಂದರು. ಜೊತೆಗೆ ನಮ್ಮ ಸಾಹೇಬರು. ಆಗಷ್ಟೇ ಕೆಲಸಕ್ಕೆ ಬಂದಿದ್ದ ಎಳೆಯ ವಯಸ್ಸಿನ ಅಧಿಕಾರಿ, ಮದುವೆಗೆಂದೇ ಊಟಕ್ಕೆ ಬಂದವರು. ಇಬ್ಬರೂ ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು.

“ಹಾಲಮ್ಮ, ಫ್ಯೂಸ್ ಕೊಡವ್ವ. ಅಕ್ಷತೆ ಹಾಕೋ ಹೊತ್ತಾತು.”

“ಅವ್ರು ಇನ್ನೂ ಬಂದಿಲ್ಲಣ್ಣ.”

“ಆ ಕಡೆಯಿಂದಾನೇ ಬಂದೀನಿ ನಾನು. ಏಣಿ ನೆಲದ ಮ್ಯಾಲೆ ಬಿದ್ದೈತೆ. ಕಂಬದಾಗೆ ಯಾರೂ ಇಲ್ಲ.”

“ಇಳಿದಿದ್ರೆ ಅವ್ರೇ ಬರ್ತಿದ್ರು.”

“ಅಂದ್ರೆ ನಾನು ಸುಳ್ಳು ಹೇಳ್ತೀನಾ?”

“ನೀವು ಸುಳ್ಳು ಹೇಳೋರಲ್ಲಣ್ಣ. ಅವ್ರು ಬರ್ಲಿ.”

ಸಾಹೇಬರು ಮುಂದೆ ಬಂದರು. “ನೋಡಿ ಅಮ್ಮ, ನಾನು ನಿಮ್ಮ ಯಜಮಾನರ ಆಫೀಸರ್. ಜವಾಬ್ದಾರಿ ನನ್ನದು. ಕೊಡಿ.”

“ನೀವು ಅವರಿಗೆ ಆಫೀಸರ್ರು ಸಾಹೇಬ್ರೆ, ನನಗಲ್ಲ. ಕುತ್ಕಳ್ರಿ, ಮಜ್ಜಿಗೆ ಕೊಡ್ತೀನಿ.”

ಸಣ್ಣಗೌಡರಿಗೆ ಸಿಟ್ಟು ಏರಿತು. ಈ ಊರಿನಲ್ಲಿ ಇರಬೇಕೋ ಬೇಡವೋ ನಿಮಗೆ ಎಂದರು. ನಾಳೆಯೇ ಮನೆ ಖಾಲಿ ಮಾಡಿಸುತ್ತೇನೆ ಎಂದರು. ತೆರೆದ ಬಾಗಿಲಿನಿಂದ ದೇವರ ಗೂಡು ನೇರ ಕಾಣುತ್ತಿತ್ತು. ವಿಭೂತಿಯ ಪಕ್ಕ ಬಿಳಿಯ ಫ್ಯೂಸು ಮೂರೂ ಕಾಣುತ್ತಿದ್ದವು. ಒಳಗೆ ತೊಟ್ಟಿಲಲ್ಲಿ ನಮ್ಮ ಮಗು ಮಲಗಿತ್ತು. ಹಾಲಮ್ಮ ಒಬ್ಬಳೇ ಬಾಗಿಲಲ್ಲಿ. ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗುವುದು ಅವರಂಥ ಗಟ್ಟಿಮುಟ್ಟಾದ ಗಂಡಸಿಗೆ ಏನೂ ಕಷ್ಟವಿರಲಿಲ್ಲ. ಊರಿನಲ್ಲಿ ಅವರನ್ನು ಯಾಕೆ ಎಂದು ಕೇಳುವವರೂ ಇರಲಿಲ್ಲ.

ಆಗ ನಿಂಗಮ್ಮಜ್ಜಿ ಬತ್ತಿ ಕೆಳಗಿಟ್ಟರಂತೆ. “ಏ ಸಣ್ಣಗೌಡ, ನಿಮ್ಮಪ್ಪನ ಮದುವಿ ಬುಡ್ಡಿ ದೀಪದಾಗೆ ಆಗೈತೆ. ನಾನೇ ಸೇಸೆ ಅಕ್ಕಿ ಹಾಕೀನಿ. ಮೈಕ್ ಇರಲಿಲ್ಲ ಅಂತ ನೀನೇನು ಹುಟ್ಟದೆ ಉಳಿದ್ಯಾ?” ಅಷ್ಟು ಹೊತ್ತಿಗೆ ಅಕ್ಕಪಕ್ಕದ ಹೆಂಗಸರೂ ಬಂದು ಕಟ್ಟೆಯ ಮೇಲೆ ಕೂತಿದ್ದರು. ಸುಮ್ಮನೆ ಕೂತರು, ಅಷ್ಟೇ.

ಸಣ್ಣಗೌಡರು ಬೈದರು, ಕಟ್ಟೆಯ ಮೇಲೆ ಅತ್ತಿತ್ತ ತಿರುಗಿದರು, ಪಂಚೆ ಎತ್ತಿ ಕಟ್ಟಿದರು. ಹೊಸಲು ಮಾತ್ರ ದಾಟಲಿಲ್ಲ. ಮನೆಯಲ್ಲಿ ಗಂಡಸರಿಲ್ಲದ ಹೊತ್ತು ಅದು.

ನಾನು ಆಗ ಎರಡನೆಯ ಕಂಬದ ಮೇಲಿದ್ದೆ. ಮೊದಲನೆಯದರ ಕೆಲಸ ಮುಗಿಸಿ ಏಣಿಯನ್ನು ಅಲ್ಲೇ ಬಿಟ್ಟು, ಹುಣಸೆ ಮರದ ಮರೆಯ ಕಂಬವನ್ನು ಹಗ್ಗ ಹಾಕಿ ಹತ್ತಿದ್ದೆ. ಎರಡೂ ಕೈಯಲ್ಲಿ ತಂತಿ ಇತ್ತು. ವಾಲಗ ನಿಂತದ್ದು ಕೇಳಿಸಿತು. ಮುಹೂರ್ತ ಮುಗಿದಿರಬೇಕು ಎಂದುಕೊಂಡೆ.

ಇಳಿದು ಮನೆಯ ಹತ್ತಿರ ಬಂದರೆ ಜನ. ಹಾಲಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಒಳಗೆ ಹೋಗಿ ಫ್ಯೂಸು ತಂದು ನನ್ನ ಕೈಗೆ ಇಟ್ಟಳು. ಅವುಗಳಿಗೆ ವಿಭೂತಿ ಹತ್ತಿತ್ತು. ನಾನು ಹಾಕಿದೆ. ಮದುವೆ ಮನೆಯ ಮೈಕು ಕಿರುಚಿತು.

ಸಣ್ಣಗೌಡರು ನನ್ನ ಅಂಗೈ ನೋಡುತ್ತಿದ್ದರು. ತಂತಿಯ ಮಸಿ ಹಸಿಯಾಗಿಯೇ ಇತ್ತು.

“ಎಲ್ಲಿದ್ದೆ ನೀನು?”

“ಹುಣಸೆ ಮರದ ಹಿಂದ್ಗಡೆ ಕಂಬದಾಗೆ ಗೌಡ್ರೆ.”

“ಏಣಿ ಕೆಳಗಿತ್ತಲ್ಲೋ.”

“ಹಗ್ಗದಾಗೆ ಹತ್ತಿದ್ದೆ.”

ಅವರು ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟರು. ಮನೆಯಲ್ಲಿ ಅಕ್ಷತೆ ಹಾಕುತ್ತಿದ್ದಾರೆ, ಏಳಿ ಎಂದರೂ ಏಳಲಿಲ್ಲ. ಹಾಲಮ್ಮ ಮಜ್ಜಿಗೆ ತಂದಳು. ಸಾಹೇಬರು ಕುಡಿದರು. ಸಣ್ಣಗೌಡರು ಲೋಟ ಹಿಡಿದುಕೊಂಡೇ ಇದ್ದರು. ಮಧ್ಯಾಹ್ನ ಮದುವೆಯ ಊಟವನ್ನು ಅವರೇ ಬುಟ್ಟಿಯಲ್ಲಿ ಹೊತ್ತು ತಂದು, ಕಟ್ಟೆಯ ಕೆಳಗೆ ನಿಂತು, “ಅಕ್ಕಾ, ಹೋಳಿಗಿ ತಂದೀನಿ” ಎಂದು ಕೂಗಿದರು. ಅಲ್ಲಿಯವರೆಗೆ ಹಾಲಮ್ಮ ಎನ್ನುತ್ತಿದ್ದವರು ಆಮೇಲೆ ಅಕ್ಕ ಎಂದೇ ಕರೆದರು. ವಯಸ್ಸಿನಲ್ಲಿ ಅವರೇ ದೊಡ್ಡವರು.

ಹೋಳಿಗೆಯ ಬುಟ್ಟಿಯನ್ನು ಅವಳು ದೇವರ ಗೂಡಿನ ಕೆಳಗೆ ಇಟ್ಟಳು. “ಒಂದು ವ್ಯಾಳೆ ಅವ್ರು ಹೇಳಿದ್ದೇ ಖರೆ ಆಗಿದ್ರೆ, ಎಂಥಾ ಅವಮಾನ ಮಾಡ್ದಂಗಾಗ್ತಿತ್ತಲ್ರಿ” ಎಂದು ಅತ್ತಳು. ಅವಳನ್ನು ಕಾಡಿದ್ದು ಅದು. ನನ್ನನ್ನು ಕಾಡಿದ್ದು ಹನುಮಂತನ ಗುಂಡಿ.

ಸ್ವಲ್ಪ ಕಾಲದಲ್ಲಿ ನನಗೆ ಜಗಳೂರು ಕಡೆಗೆ ವರ್ಗವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಸಾಹೇಬರ ಬಗ್ಗೆ ನನಗೆ ಸಿಟ್ಟಿಲ್ಲ. ವಯಸ್ಸು ಚಿಕ್ಕದು, ದೊಡ್ಡವರ ಮನೆ ಮದುವೆ, ಏನು ಮಾಡಬೇಕು ಎಂದು ತಿಳಿದಿರಲಿಲ್ಲ. ನಾನು ಕಂಡ ಮೇಲಿನವರಲ್ಲಿ ಇನ್ನೊಬ್ಬರಿದ್ದರು, ಜಗಳೂರಿನ ಕಡೆ. ನಾವು ಕಂಬ ಹತ್ತಿದರೆ ಅವರು ಕಂಬದ ಬುಡದಲ್ಲಿ ಛತ್ರಿ ಹಿಡಿದು ನಿಲ್ಲುತ್ತಿದ್ದರು. ಹೋಗಿ ಸಾರ್, ನೆರಳಲ್ಲಿ ಕೂರಿ ಎಂದರೆ, “ನೀನು ಇಳಿ, ಇಬ್ರೂ ಹೋಗೋಣ” ಎನ್ನುತ್ತಿದ್ದರು. ಅವರ ಮುಂಗೋಪಕ್ಕೆ ಎಲ್ಲರೂ ಹೆದರುತ್ತಿದ್ದರು. ಅವರಿಗೆ ವರ್ಗವಾದಾಗ ಮಾತ್ರ ಎಲ್ಲರೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು.

ಜಗಳೂರು ಬಯಲು ಸೀಮೆ. ಒಂದು ಊರಿಂದ ಇನ್ನೊಂದು ಊರಿನವರೆಗೆ ಲೈನಿನ ಕೆಳಗೆ ನಡೆಯುತ್ತ ಹೋದರೆ ಮಾತಿಗೆ ಯಾರೂ ಸಿಗುವುದಿಲ್ಲ. ಗಾಳಿ ಒಂದೇ ಸಮ ಬೀಸುತ್ತದೆ. ತಂತಿಗೆ ತಂತಿ ಬಡಿದುಕೊಂಡು ದಿನಕ್ಕೊಂದು ತೊಂದರೆ. ಕಾಗೆಗಳು ಕಡ್ಡಿ ಸಿಗದೆ ಕಬ್ಬಿಣದ ತಂತಿ ಚೂರು ತಂದು ಕಂಬದಲ್ಲಿ ಗೂಡು ಕಟ್ಟುತ್ತಿದ್ದವು. ಮೊಟ್ಟೆ ಇದ್ದರೆ ಗೂಡನ್ನು ಪಕ್ಕದ ಜಾಲಿ ಮರಕ್ಕೆ ದಾಟಿಸುತ್ತಿದ್ದೆವು. ಕಾಗೆ ತಲೆಗೆ ಕುಕ್ಕುತ್ತಿತ್ತು.

ಅಲ್ಲಿ ನಮ್ಮ ಮನೆ ಒಂದು ಕಡೆ, ನನ್ನ ಕಂಬಗಳು ಎಷ್ಟೋ ದೂರ. ಫ್ಯೂಸು ತಂದು ಹಾಲಮ್ಮನ ಕೈಗೆ ಕೊಟ್ಟು ಹೋಗುವುದು ಆಗದ ಮಾತು. ಮೊದಲ ವರ್ಷಗಳು ಅವಳಿಗೆ ಕಷ್ಟವಾದವು. ನಾನು ಬರುವವರೆಗೆ ಉಣ್ಣುತ್ತಿರಲಿಲ್ಲ. ಬೈದರೂ ಕೇಳಲಿಲ್ಲ. ಆಮೇಲೆ ಮೊಬೈಲು ಬಂತು. ಕೆಲಸದ ರೀತಿಯೂ ಬದಲಾಯಿತು. ಕರೆಂಟಿನ ಸ್ಟೇಷನ್ನಿಗೆ ಫೋನು ಮಾಡಿ ಲೈನು ನಿಲ್ಲಿಸಿಕೊಂಡು, ಕೆಲಸ ಮುಗಿದ ಮೇಲೆ ಫೋನಿನಲ್ಲೇ ಹೇಳುವುದು. ಹಾಲಮ್ಮ ತನಗೂ ಒಂದು ರೀತಿ ಮಾಡಿಕೊಂಡಳು. ನಾನು ಹತ್ತುವ ಮುಂಚೆ ಅವಳಿಗೆ ಒಂದು ಮಿಸ್ ಕಾಲ್, ಇಳಿದ ಮೇಲೆ ಇನ್ನೊಂದು. ಮಾತಿಲ್ಲ. ಸಾಹೇಬರಿಗೆ ತಿಳಿಸುವುದು ಮರೆತದ್ದುಂಟು, ಅವಳಿಗೆ ಮಿಸ್ ಕಾಲ್ ಕೊಡುವುದನ್ನು ಮರೆಯುತ್ತಿರಲಿಲ್ಲ. ಮರೆತಿದ್ದರೆ ಸಂಜೆ ಅವಳ ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ.

ಒಮ್ಮೆ ಸಿಗ್ನಲ್ ಸಿಗದ ಕಡೆ ಕೆಲಸ ಮಾಡಿ ಊರಿಗೆ ಬಂದಾಗ ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಬಾಗಿಲು ತೆರೆದಿಟ್ಟು ಬಂದಿದ್ದಳು. ಎದುರು ಮನೆಯವರು ಮನೆ ಕಾಯುತ್ತಿದ್ದರು. ನಾನು ಬಸ್ಸಿನಿಂದ ಕೆಳಗೆ ಕಾಲಿಟ್ಟ ಕೂಡಲೇ “ಇಳಿದ್ರಾ?” ಎಂದಳು. ಕಂಡಕ್ಟರು ನಕ್ಕ. “ಕಾಣ್ತೈತಲ್ಲ ಅಮ್ಮ, ಇಳಿದಾರೆ.” ಅವಳು ನಗಲಿಲ್ಲ.

ಈಗಿನ ಹುಡುಗರಿಗೆ ಒಳ್ಳೆಯ ಬೆಲ್ಟು, ಗವಸು, ಹೆಲ್ಮೆಟ್ಟು ಕೊಡುತ್ತಾರೆ. ಏಣಿಯ ಬದಲು ಬುಟ್ಟಿ ಕಟ್ಟಿದ ಗಾಡಿ ಬರುತ್ತದೆ. ಫ್ಯೂಸಿನ ಪೆಟ್ಟಿಗೆಗೆ ಬೀಗ ಇದೆ. ಇವೆಲ್ಲ ಹನುಮಂತನ ಕಾಲಕ್ಕೆ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಗವಸು ಹಾಕಿ, ಬೇಸರ ಮಾಡಿಕೊಳ್ಳಬೇಡಿ. ಅದರ ಜೊತೆಗೆ, ಹತ್ತುವ ಮುಂಚೆ ನಿಮ್ಮವರು ಯಾರಿಗಾದರೂ ಹೇಳಿ. ಇಳಿದ ಮೇಲೆ ಅವರಿಗೇ ಹೇಳಿ.

ನಿವೃತ್ತಿಯಾಗಿ ಹೊನ್ನಾಳಿಗೆ ಬಂದ ಮೇಲೆ ಹಾಲಮ್ಮ ಒಂದು ಆಸೆ ಹೇಳಿದಳು. “ನೀವು ಹತ್ತಿದ್ದ ಕಂಬ ಒಂದನ್ನೂ ನಾನು ನೋಡಿಲ್ಲ.” ನನಗೆ ಆಶ್ಚರ್ಯವಾಯಿತು. ಎಷ್ಟು ವರ್ಷ ಫ್ಯೂಸು ಕಾದಳು. ಮನೆ ಬಿಟ್ಟು ಕೊನೆಯ ಕೇರಿಯವರೆಗೆ ಬಂದವಳಲ್ಲ. ಸಣ್ಣಗೌಡರನ್ನು ಆಚೆ ನಿಲ್ಲಿಸಿದ ಆ ಹೊಸಲು ಅವಳನ್ನು ಒಳಗೆ ನಿಲ್ಲಿಸಿತ್ತು. ನನಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಬಸ್ಸು ಹಿಡಿದು ಗೋವಿನಕೋವಿ ದಾಟಿ ಆ ಊರಿಗೆ ಹೋದೆವು. ಹುಣಸೆ ಮರ ಇರಲಿಲ್ಲ. ಕಂಬವೂ ಹೊಸದು, ಸಿಮೆಂಟಿನದು. “ಇದೇ ಜಾಗ” ಎಂದೆ. ಅವಳು ತಲೆ ಎತ್ತಿ ತುಂಬಾ ಹೊತ್ತು ನೋಡಿದಳು. “ಇಷ್ಟು ಎತ್ತರ ಅಂದ್ಕಂಡಿರಲಿಲ್ಲ” ಎಂದಳು. ಬಿಸಿಲಿಗೆ ಕಣ್ಣಲ್ಲಿ ನೀರು ಬಂದಿತ್ತು.

ನಾವಿದ್ದ ಮನೆಯನ್ನು ಕೆಡವಿ ಕಟ್ಟಿದ್ದರು. ಕಟ್ಟೆ ಇದ್ದ ಕಡೆ ಕಬ್ಬಿಣದ ಗ್ರಿಲ್ಲು. ಒಳಗಿನಿಂದ ಒಬ್ಬಾಕೆ ಬಂದು ಗ್ರಿಲ್ಲು ತೆಗೆಯದೆ ಕೇಳಿದಳು. “ಯಾರು ಬೇಕಿತ್ರಿ?”

“ಯಾರೂ ಇಲ್ಲವ್ವ, ಮುಂಚೆ ಇಲ್ಲಿದ್ವಿ. ಸುಮ್ನೆ ನೋಡಾಕೆ ಬಂದ್ವಿ.”

“ಹೌದಾ” ಎಂದು ನಿಂತಳು. ಕೂರಿ ಎನ್ನಲಿಲ್ಲ. ಒಬ್ಬಳೇ ಇದ್ದಳೋ ಏನೋ, ಗುರುತಿಲ್ಲದವರಿಗೆ ಬಾಗಿಲು ತೆರೆಯದೆ ಇದ್ದದ್ದು ಸರಿಯೇ. ಆದರೆ ನಾವು ಬಾಯಾರಿದ್ದೆವು. ನಿಂಗಮ್ಮಜ್ಜಿ ಎಂದೋ ಹೋಗಿದ್ದರು. ಸಣ್ಣಗೌಡರೂ ಇಲ್ಲ. ಬಸ್ಸು ಬರುವವರೆಗೆ ರಸ್ತೆಯಲ್ಲೇ ನಿಂತೆವು. ಹಾಲಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಈಗ ಯಾರಾದ್ರೂ ಒಳಗೆ ನುಗ್ಗಾಕೆ ಬಂದ್ರೆ 'ಹೊಸಲಾಗೆ ನಿಲ್ರಿ' ಅಂದ್ರೆ ನಿಲ್ತಾರಾ? ಅದಕ್ಕೇ ಗ್ರಿಲ್ಲು” ಎಂದಳು.

ಮಗಳು ಶಾರದಾ ಚನ್ನಗಿರಿಯಲ್ಲಿದ್ದಾಳೆ. ದೊಡ್ಡಮನೆಯ ಮದುವೆಯ ದಿನ ತೊಟ್ಟಿಲಲ್ಲಿ ಮಲಗಿದ್ದ ಮಗು ಅವಳೇ. ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ದಿನವೂ ಫೋನು ಮಾಡುತ್ತಾಳೆ. ಊಟ ಆಯಿತಾ, ಮಾತ್ರೆ ತಗೊಂಡ್ರಾ ಎಂದು ಕೇಳುತ್ತಾಳೆ. ಬಾ ಎಂದು ಕರೆಯುತ್ತಾಳೆ. ಹೋಗಿ ಬರುತ್ತೇನೆ. ಅಳಿಯ ಒಳ್ಳೆಯವನು. ಅವರಲ್ಲಿ ಏನೂ ಕೊರತೆ ಇಲ್ಲ.

ಸಂಜೆ ವಾಕಿಂಗ್ ಮುಗಿಸಿ ಬಂದು ಬೀಗ ತೆಗೆಯುವಾಗ ಈಗಲೂ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಕಾಲಿನಿಂದ ತಲೆಯವರೆಗೆ ಯಾರೋ ನೋಡಬೇಕು, ಆಮೇಲೆ ಒಳಗೆ ಹೋಗಬೇಕು ಎನ್ನುವ ಅಭ್ಯಾಸ ಕಾಲಿಗೆ ಉಳಿದಿದೆ.

ಕಳೆದ ವಾರ ಪಡಸಾಲೆಯ ಬಲ್ಬು ಮತ್ತೆ ಹೋಯಿತು. ಪೇಟೆಗೆ ಹೋಗಿ ಹೊಸದು ತಂದೆ. ಸ್ಟೂಲನ್ನೂ ಎಳೆದು ಹೋಲ್ಡರಿನ ಕೆಳಗೆ ಇಟ್ಟೆ. ಮೇನ್ ಆಫ್ ಮಾಡಿ ನಾನೇ ಹತ್ತಿ ಹಾಕಬಹುದು. ಅದು ನನಗೆ ಗೊತ್ತಿರುವ ಕೆಲಸ. ಎದುರು ಮನೆಯವರನ್ನು ಕರೆದರೂ ಬಂದು ಹಾಕಿಕೊಡುತ್ತಾರೆ. ಬಲ್ಬು ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅಡಿಗೆಮನೆಯ ಬೆಳಕಿನಲ್ಲಿ ಕೂತು ಇದನ್ನು ಬರೆದಿದ್ದೇನೆ.

ಇಳಿದ್ರಾ ಎಂದು ಕೇಳುವವರು ಮನೆಯಲ್ಲಿ ಇಲ್ಲ.